ಜೋಡಿಯಿಲ್ಲದ ಚುಕ್ಕೆ

ಸೋಲೂರು
20 ಜನವರಿ 2008

ಪ್ರೀತಿಯ ಹೇಮಕ್ಕನಿಗೆ,

ವೀರೇಂದ್ರ ಮಾಡುವ ನಮಸ್ಕಾರ. ಅಪ್ಪನ ಹಿಟ್ಟಿನ ಮಿಲ್ಲು ನಡೆಯುತ್ತಿದೆ. ಅವ್ವನ ಮಂಡಿನೋವು ಚಳಿಗೆ ಒಸಿ ಜಾಸ್ತಿಯಾಗಿದೆ. ನಾನು ವಾರವೆಲ್ಲ ಬಿಡದಿಯ ರೂಮಿನಲ್ಲಿದ್ದು ಫ್ಯಾಕ್ಟರಿಗೆ ಹೋಗಿ ಭಾನುವಾರ ಮನೆಗೆ ಬರುತ್ತೇನೆ. ಈ ವರ್ಷ ಪರ್ಮನೆಂಟ್ ಆಗಬಹುದು ಎಂದು ಸೂಪರ್‌ವೈಸರ್ ಹೇಳಿದ್ದಾರೆ. ನೀನು ದೀಪಾವಳಿಗೂ ಬರಲಿಲ್ಲ, ಸಂಕ್ರಾಂತಿಗೂ ಬರಲಿಲ್ಲ ಎಂದು ಅವ್ವನಿಗೆ ಬೇಜಾರಿದೆ.

ಫೋನ್ ಮಾಡದೆ ಯಾಕೆ ಬರೆಯುತ್ತಿದ್ದಾನೆ ಎಂದುಕೊಳ್ಳಬೇಡ. ಇದು ಫೋನಿನಲ್ಲಿ ಹೇಳಲು ಬರುವ ವಿಷಯವಲ್ಲ. ಫ್ಯಾಕ್ಟರಿಯಲ್ಲಿ ನಮ್ಮ ಲೈನಿನಲ್ಲಿ ಬೈರಾಪಟ್ಟಣದ ನಟರಾಜು ಅಂತ ಒಬ್ಬನಿದ್ದಾನೆ. ನನ್ನದೇ ವಯಸ್ಸು. ಹೋದ ವರ್ಷ ಅವನ ಕತ್ತಿನಲ್ಲಿ ಗಂಟು ಕಾಣಿಸಿತು. ಗ್ರಂಥಿಯ ಕ್ಯಾನ್ಸರ್ ಎಂದು ಬೆಂಗಳೂರಿನ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಔಷಧಿ ಏರಿಸಿದರು. ಮನೆಯವರಿಗೆ ಹೇಳಿಲ್ಲ. ಕೂದಲು ಉದುರಿದಾಗ ಮಾದಪ್ಪನ ಬೆಟ್ಟದಲ್ಲಿ ಮುಡಿ ಕೊಟ್ಟೆ ಎಂದುಬಿಟ್ಟ. ಔಷಧಿ ಮುಗಿದು ಎಲ್ಲ ಸರಿಹೋಯಿತು ಎಂದುಕೊಂಡಿದ್ದ.

ಈಗ ಮೈಯೆಲ್ಲ ನೋಡುವ ಪೆಟ್ ಸ್ಕ್ಯಾನ್ ಮಾಡಿಸಿದ್ದಾರೆ. ಬೆಳಗಿನ ಜಾವದ ಚಳಿಯಲ್ಲಿ ಬೈಕಿನಲ್ಲಿ ಹೋಗಿದ್ದಾನೆ. ಸಕ್ಕರೆಯಂಥದ್ದೇನನ್ನೋ ಸೂಜಿಯಲ್ಲಿ ಕೊಟ್ಟು, ಎಸಿ ಹಾಕಿದ ಕೋಣೆಯಲ್ಲಿ ಕೂರಿಸಿ, ಆಮೇಲೆ ಮಿಷನ್ ಒಳಗೆ ಮಲಗಿಸಿದರಂತೆ. ಚಿತ್ರದಲ್ಲಿ ಕತ್ತಿನ ಎರಡೂ ಕಡೆ, ಹೆಗಲಿನ ಮೇಲೆ, ಬೆನ್ನುಮೂಳೆಯ ಪಕ್ಕಕ್ಕೆ ಸಾಲಾಗಿ, ಒಲೆ ಉರಿದ ಹಾಗೆ ಉರಿಯುತ್ತಿದೆ. ಡಾಕ್ಟರ್ ರಮ್ಯಾ ಅನ್ನುವವರು, ಒಳ್ಳೆಯವರು, "ಇದೆಲ್ಲ ಕಾಯಿಲೆ ಅಂತ ಹೇಳ್ತಿಲ್ಲ, ಆದರೆ ಸೂಜಿ ಹಾಕಿ ಚೂರು ತೆಗೆದು ನೋಡಲೇಬೇಕು, ಮುಂದಿನ ವಾರ ಬಂದು ಅಡ್ಮಿಟ್ ಆಗಿ" ಎಂದರು. ಅವನಿಗೆ ಮೊದಲಿನ ಮಾತು ಕಿವಿಗೇ ಬೀಳಲಿಲ್ಲ.

ಅಕ್ಕ, ಅವನು ತುಂಬ ಹೆದರಿದ್ದಾನೆ. ಕನ್ನಡಿ ಇರುವ ಕಡೆ ಹೋಗುವುದಿಲ್ಲ. ಲೈನಿನಲ್ಲಿ ನಿಂತಿದ್ದಾಗಲೂ ಕೈ ಕತ್ತಿಗೇ ಹೋಗುತ್ತದೆ. ಯಾರಾದರೂ ಊಟಕ್ಕೆ ಕರೆದರೆ ಬೆಚ್ಚಿಬೀಳುತ್ತಾನೆ. ನೀನು ಅಂಥ ಸ್ಕ್ಯಾನಿಗೆ ಹಾಕುವ ಔಷಧಿಯನ್ನೇ ಮಾಡುವವಳಲ್ಲವೆ? ಹಾಗೆ ಉರಿಯುವುದೆಲ್ಲ ಕಾಯಿಲೆಯೇ ಆಗಬೇಕಾ? ಬೇರೆ ಏನಾದರೂ ಇರಬಹುದಾ? ಬೇಗ ಬರೆ. ಬಿಡದಿಯ ರೂಮಿನ ವಿಳಾಸಕ್ಕೇ ಬರೆ.

ನಿನ್ನ ತಮ್ಮ
ವೀರು


ಮುಂಬೈ
28 ಜನವರಿ 2008

ಪ್ರೀತಿಯ ವೀರುಗೆ,

ನಿನ್ನ ಪತ್ರ ನೋಡಿ ಎಷ್ಟು ಖುಷಿಯಾಯಿತು ಗೊತ್ತಾ? ಇಷ್ಟು ವರ್ಷದಲ್ಲಿ ಮನೆಯವರು ಒಬ್ಬರಾದರೂ ನನ್ನ ಕೆಲಸದ ಬಗ್ಗೆ ಕೇಳಿದ್ದು ಇದೇ ಮೊದಲು. ಅಪ್ಪ ಈಗಲೂ ನೆಂಟರ ಮುಂದೆ "ನಮ್ ಹೇಮ ಬಾಂಬೆನಾಗೆ ಇಲಿ ಸಾಕ್ತಾಳೆ" ಎಂದೇ ಹೇಳುವುದು.

ನಿನ್ನ ನಟರಾಜುವಿಗೆ ಹೆದರಬೇಡ ಎಂದು ಹೇಳು. ನೀನು ಬರೆದದ್ದನ್ನು ಓದುತ್ತಿದ್ದಂತೆಯೇ ಅದೇನೆಂದು ನನಗೆ ಗೊತ್ತಾಯಿತು. ಅದಕ್ಕೆ ಕಂದು ಕೊಬ್ಬು ಅನ್ನುತ್ತಾರೆ. ಹೊಟ್ಟೆಯ ಸುತ್ತ ಬೆಳೆಯುವ ಬಿಳಿ ಕೊಬ್ಬು ಕೂಡಿಡುವ ಕೊಬ್ಬು. ಇದು ಉರಿಯುವ ಕೊಬ್ಬು. ಆಗ ತಾನೆ ಹುಟ್ಟಿದ ಮಗು ಚಳಿಗೆ ಸೆಟೆದುಕೊಳ್ಳದೆ ಉಳಿಯುವುದು ಬೆನ್ನಿನಲ್ಲಿ ಈ ಕೊಬ್ಬು ಇರುವುದರಿಂದ. ದೊಡ್ಡವರಾದ ಮೇಲೆ ಕರಗಿಹೋಗುತ್ತದೆ ಎಂದು ಎಲ್ಲರೂ ತಿಳಿದಿದ್ದರು. ಸ್ಕ್ಯಾನುಗಳು ಬಂದ ಮೇಲೆ ನೋಡಿದರೆ, ಕೆಲವರ ಕತ್ತಿನಲ್ಲಿ, ಹೆಗಲಿನಲ್ಲಿ, ಬೆನ್ನುಮೂಳೆಯ ಅಕ್ಕಪಕ್ಕದಲ್ಲಿ ಅದು ಇನ್ನೂ ಕೂತಿದೆ. ಮೈಗೆ ಚಳಿ ಹತ್ತಿದ ತಕ್ಷಣ ಸಕ್ಕರೆ ತಿಂದು ಶಾಖ ಮಾಡಲು ಶುರುಮಾಡುತ್ತದೆ. ಕ್ಯಾನ್ಸರೂ ಸಕ್ಕರೆ ತಿನ್ನುತ್ತದೆ. ಆಸ್ಪತ್ರೆಯಲ್ಲಿ ಕೊಡುವ ಔಷಧಿ ಸಕ್ಕರೆ ಎಲ್ಲಿ ಹೋಯಿತು ಎಂದಷ್ಟೇ ತೋರಿಸುತ್ತದೆ, ತಿಂದವರು ಯಾರು ಎಂದು ಹೇಳುವುದಿಲ್ಲ.

ಅದನ್ನು ಹೇಳುವ ಔಷಧಿಯನ್ನೇ ನಾನು ಮಾಡುತ್ತಿರುವುದು. ಕಂದು ಕೊಬ್ಬಿಗೆ ಮಾತ್ರ ಹೋಗಿ ಕೂರಬೇಕು, ಕ್ಯಾನ್ಸರನ್ನು ಮುಟ್ಟಬಾರದು. ಇಲಿಗಳನ್ನು ತಣ್ಣನೆಯ ಕೋಣೆಯಲ್ಲಿಟ್ಟು ನೋಡುತ್ತೇವೆ. ಮುಂಬೈನ ಸೆಕೆಯಲ್ಲಿ ಸ್ವೆಟರ್ ಹಾಕಿಕೊಂಡು ಕೆಲಸ ಮಾಡುವವಳು ನಾನೊಬ್ಬಳೇ ಇರಬೇಕು. ಕೆಲಸ ಚೆನ್ನಾಗಿ ಸಾಗುತ್ತಿದೆ.

ಚಳಿಯಲ್ಲಿ ಬೈಕು, ಆಮೇಲೆ ಎಸಿ ಕೋಣೆ, ವಯಸ್ಸು ಚಿಕ್ಕದು, ಔಷಧಿಯಿಂದ ಮೈ ಬಡವಾಗಿದೆ, ಎರಡೂ ಕಡೆ ಸಮನಾಗಿ ಉರಿದಿದೆ. ಪಾಠಪುಸ್ತಕಕ್ಕೆ ಹಾಕುವಂಥ ಚಿತ್ರ ಅದು. ಸಾಧ್ಯವಾದರೆ ಆ ಫಿಲ್ಮಿನ ಕಾಪಿ ನನಗೆ ಕಳಿಸು. ಹೆಸರು ಬೇಡ, ಕತ್ತರಿಸಿಬಿಡು. ನಮ್ಮ ಲ್ಯಾಬಿನವರಿಗೆ ತೋರಿಸುತ್ತೇನೆ.

ಅವನಿಗೆ ಹೊಟ್ಟೆ ತುಂಬ ಊಟ ಮಾಡಲು ಹೇಳು. ಅವ್ವನಿಗೆ ಯುಗಾದಿಗೆ ಬರುತ್ತೇನೆ ಎಂದು ಹೇಳು.

ಹೇಮಕ್ಕ


ಬಿಡದಿ
6 ಫೆಬ್ರವರಿ 2008

ಅಕ್ಕ,

ನಿನ್ನ ಪತ್ರವನ್ನು ಎಷ್ಟು ಸಲ ಓದಿದೆನೋ, ಮಡಿಸಿದ ಗೆರೆಯಲ್ಲಿ ಹರಿದೇಹೋಗಿದೆ. ನಟರಾಜುವಿಗೂ ಓದಿ ಹೇಳಿದೆ. ಅವನು ಅವತ್ತು ಎಷ್ಟೋ ದಿನದ ಮೇಲೆ ಎರಡು ಮುದ್ದೆ ಉಂಡ. ಮಾರನೆಯ ದಿನ ಶಿಫ್ಟಿಗೆ ಬಂದು, ಕ್ಯಾಂಟೀನಿನಲ್ಲಿ ಎಲ್ಲರ ಹತ್ತಿರ ನಗುತ್ತ ಮಾತಾಡಿದ.

ಸೂಜಿ ಹಾಕಿಸಿಕೊಳ್ಳಲು ಹೋಗಲಿಲ್ಲ. ಇನ್ನು ಯಾಕೆ? ಆಸ್ಪತ್ರೆಯಿಂದ ಫೋನ್ ಬಂದಿತ್ತು, ಎತ್ತಲಿಲ್ಲ. ಇಂಗ್ಲಿಷ್ ರಿಪೋರ್ಟಿನಲ್ಲೂ ಒಂದು ಕಡೆ ನೀನು ಹೇಳಿದ ಕೊಬ್ಬಿನ ಮಾತೇ ಇದೆಯಂತೆ, ಓದಿಸಿ ನೋಡಿದೆವು. ನನ್ನ ರೂಮಿನಲ್ಲಿರುವ ರಾಮನಗರದ ಕರೀಂಗೆ ಮಾತ್ರ ಸಮಾಧಾನವಿಲ್ಲ. "ಲೇ, ಪತ್ರ ನೋಡಿ ಕಾಯ್ಲೆ ವಾಸಿ ಆಯ್ತದೇನ್ಲಾ? ಓಗಿ ಆ ಡಾಕ್ಟ್ರಮ್ಮನ್ನ ಕಂಡ್ಬುಟ್ಟು ಬಾ" ಎಂದು ಬೆಳಗಾದರೆ ಅದೇ ರಾಗ. ಅವನಿಗೇನು ಗೊತ್ತು? ನಮ್ಮಕ್ಕನಿಗಿಂತ ಹೆಚ್ಚು ಓದಿದ್ದಾನಾ?

ಒಂದು ಮಾತು ಕೇಳಬೇಕಿತ್ತು. ರಾತ್ರಿ ಅವನಿಗೆ ಮೈ ಬೆವರುತ್ತದೆ. ಬನಿಯನ್ನು, ದಿಂಬು ಎಲ್ಲ ಹಿಂಡುವಷ್ಟು ಒದ್ದೆ. ಅದು ಆ ಕೊಬ್ಬು ಮಾಡುವ ಶಾಖವೇ ಇರಬೇಕಲ್ಲವೆ? ಹೌದು ತಾನೆ?

ಫಿಲ್ಮನ್ನು ಕೊರಿಯರಿನಲ್ಲಿ ಕಳಿಸಿದ್ದೇನೆ. ಹೆಸರಿದ್ದ ಮೂಲೆ ಕತ್ತರಿಸಿದ್ದೇನೆ. ಅವ್ವ ತಿಪ್ಪಸಂದ್ರದ ಕಡೆ ಒಂದು ಹುಡುಗಿ ನೋಡಿದ್ದಾಳೆ, ದಿವ್ಯ ಅಂತ. ಯುಗಾದಿಗೆ ನೀನು ಬಂದಾಗ ಹೋಗಿ ನೋಡಿ ಬರೋಣ ಎನ್ನುತ್ತಾಳೆ. ನಾನು ಆಗಲಿ ಎಂದೆ.

ವೀರು


ಮುಂಬೈ
14 ಫೆಬ್ರವರಿ 2008

ವೀರು,

ಬೆಳಗಿನಿಂದ ಫೋನ್ ಮಾಡುತ್ತಲೇ ಇದ್ದೇನೆ. ನೀನು ಒಂದು ಸಲ ಎತ್ತಿದೆ. "ಆ ಫಿಲ್ಮ್ ಯಾರದು" ಎಂದು ಕೇಳಿದ ತಕ್ಷಣ ಕಟ್ ಮಾಡಿದೆ. ಆಮೇಲೆ ಸ್ವಿಚ್ ಆಫ್. ಅದಕ್ಕೇ ಬರೆಯುತ್ತಿದ್ದೇನೆ, ಇದನ್ನಾದರೂ ಓದುತ್ತೀಯ ಎಂದು.

ಲಕೋಟೆ ಬಂದಾಗ ನಾನು ಲ್ಯಾಬಿನಲ್ಲಿದ್ದೆ. ಫಿಲ್ಮನ್ನು ದೀಪದ ಹಲಗೆಗೆ ಸಿಕ್ಕಿಸಿ, ಪಕ್ಕದವರನ್ನು ನೋಡಬನ್ನಿ ಎಂದು ನಾನೇ ಕರೆದೆ. ಕತ್ತು ನೋಡಿದೆ, ಹೆಗಲು ನೋಡಿದೆ, ನಾನು ಬರೆದ ಹಾಗೆಯೇ ಇತ್ತು. ಎಲ್ಲರಿಗೂ ಬೆರಳಿಟ್ಟು ತೋರಿಸಿದೆ. ಆಮೇಲೆ ಮೂಳೆ ಕಾಣುವ ಚಿತ್ರಗಳ ಸಾಲಿಗೆ ಬಂದೆ.

ಕತ್ತಿನಿಂದ ಎಡಭುಜಕ್ಕೆ ಹೋಗುವ ಮೂಳೆ ಮಧ್ಯದಲ್ಲಿ ಮುರಿದು, ಒಂದರ ಮೇಲೊಂದು ಹತ್ತಿ ಕೂಡಿಕೊಂಡಿದೆ. ನೀನು ನಾಲ್ಕನೇ ಕ್ಲಾಸಿನಲ್ಲಿ ತೆಂಗಿನಕಾಯಿ ಗಾಡಿಯ ಮೇಲಿಂದ ಬಿದ್ದಾಗ ನಾಟಿವೈದ್ಯ ನರಸಯ್ಯ ಬಿದಿರ ದಬ್ಬೆ ಕಟ್ಟಿ ಕೂಡಿಸಿದ್ದು. ಮೂಳೆ ಕೂಡಿತು, ಗುಬುಟು ಉಳಿಯಿತು. ನಿನ್ನ ಶರ್ಟುಗಳೆಲ್ಲ ಆ ಕಡೆ ಮೇಲಕ್ಕೆ ಏಳುತ್ತಿದ್ದವು. ಸ್ಕೂಲ್ ಬ್ಯಾಗಿನ ಪಟ್ಟಿ ಆ ಹೆಗಲಿನಲ್ಲಿ ನಿಲ್ಲುತ್ತಿರಲಿಲ್ಲ ಎಂದು ನಾನೇ ಹೊತ್ತುಕೊಂಡು ಬರುತ್ತಿದ್ದೆ. ದೀಪ ಆರಿಸಿದೆ. ಮತ್ತೆ ಹಾಕಿ ನೋಡಿದೆ. ಲೋಕದಲ್ಲಿ ಇನ್ನೊಬ್ಬನಿಗೂ ಹೀಗೇ ಮುರಿದು ಹೀಗೇ ಕೂಡಿರಲಿ ಎಂದುಕೊಂಡೆ. ಪಕ್ಕದವರು ಏನಾಯಿತು ಎಂದು ಕೇಳಿದರು. ಏನೂ ಇಲ್ಲ ಎಂದೆ.

ವೀರು, ಕತ್ತಿನಲ್ಲಿ ಉರಿಯುತ್ತಿರುವುದಕ್ಕೆಲ್ಲ ಜೋಡಿಯಿದೆ. ಎಡಕ್ಕೆ ಇದ್ದದ್ದು ಬಲಕ್ಕೂ ಇದೆ. ಆದರೆ ಎದೆಮೂಳೆಯ ಹಿಂದೆ, ಬಲಕ್ಕೆ ಸರಿದು, ಒಂದು ಚುಕ್ಕೆ ಇದೆ. ಅದಕ್ಕೆ ಜೋಡಿಯಿಲ್ಲ. ಅದೂ ಕೊಬ್ಬೇ ಇರಬಹುದು. ಇಲ್ಲದೆಯೂ ಇರಬಹುದು. ಚಿತ್ರ ನೋಡಿ ಹೇಳಲು ನನಗೆ ಬರುವುದಿಲ್ಲ, ಯಾರಿಗೂ ಬರುವುದಿಲ್ಲ. ಸುತ್ತಲೂ ಅಷ್ಟು ಉರಿಯುತ್ತಿರುವಾಗ ಆ ಚುಕ್ಕೆಯ ಮೇಲೆ ಕಣ್ಣೇ ನಿಲ್ಲುವುದಿಲ್ಲ.

ಆ ಬೆವರು ಕಂದು ಕೊಬ್ಬಿನದಲ್ಲ. ಅದು ಯಾವುದರ ಲಕ್ಷಣ ಎಂದು ಡಾಕ್ಟರ್ ರಮ್ಯಾ ನಿನಗೆ ಮೊದಲೇ ಹೇಳಿರುತ್ತಾರೆ. ನಿನಗೆ ಗೊತ್ತಿದ್ದೇ ನನ್ನನ್ನು ಕೇಳಿದ್ದೀಯ.

ನಟರಾಜುವಿಗೆ ಹೆದರಬೇಡ ಎಂದು ಬರೆದಿದ್ದೆ. ಅವನು ಯಾರೋ ಬೈರಾಪಟ್ಟಣದವನು, ನಾನು ಕಾಣದವನು. ಎಷ್ಟು ಸಲೀಸಾಗಿ ಬರೆದುಬಿಟ್ಟೆ. ಈಗ ಆ ಮಾತನ್ನು ವಾಪಸು ತೆಗೆದುಕೊಳ್ಳುತ್ತಿದ್ದೇನೆ. ಹೆದರು. ಹೆದರಿ ನಾಳೆಯೇ ಆಸ್ಪತ್ರೆಗೆ ಹೋಗು.

ಹೇಮ


ಬಿಡದಿ
20 ಫೆಬ್ರವರಿ 2008

ಅಕ್ಕ,

ಹೌದು, ನಾನೇ. ನಟರಾಜು ಚೆನ್ನಾಗಿದ್ದಾನೆ. ಅವನಿಗೆ ನೆಗಡಿಯೂ ಬಂದಿಲ್ಲ.

ಅವ್ವ ಅಪ್ಪನಿಗೆ ಟಿಬಿ ಗಂಟು ಎಂದು ಹೇಳಿದ್ದೆ. ನಿನಗೆ ತಿಳಿಸಕೂಡದು, ಕೆಲಸ ಬಿಟ್ಟು ಓಡಿಬರುತ್ತಾಳೆ ಎಂದು ಅವ್ವನ ಹತ್ತಿರ ಆಣೆ ಮಾಡಿಸಿಕೊಂಡಿದ್ದೆ. ನಮ್ಮ ಸೋದರಮಾವ ವೀರಭದ್ರಪ್ಪ ಹೋದದ್ದು ಇದೇ ಕಾಯಿಲೆಯ ವಾರ್ಡಿನಲ್ಲಿ, ನಿನಗೆ ನೆನಪಿದೆ. ಅವತ್ತಿನಿಂದ ಅವ್ವ ಆ ಕಾಯಿಲೆಯ ಹೆಸರನ್ನು ಬಾಯಲ್ಲಿ ಎತ್ತಿಲ್ಲ. ಯಾರಾದರೂ ಎತ್ತಿದರೆ ಎದ್ದು ಹಿತ್ತಿಲಿಗೆ ಹೋಗುತ್ತಾಳೆ. ಅವಳ ಮುಂದೆ ನಿಂತು ನಾನು ಏನೆಂದು ಹೇಳಲಿ?

ನೀನು ಯಾಕೆ ವಾಪಸು ತೆಗೆದುಕೊಂಡೆ ಅಕ್ಕ? ಆ ಪತ್ರ ಬಂದ ಮೇಲೆ ಎಷ್ಟು ಚೆನ್ನಾಗಿ ಉಂಡೆ, ನಿದ್ದೆ ಮಾಡಿದೆ. ಬೆವರು ಬಂದರೂ ಎದ್ದು ಬನಿಯನ್ನು ಬದಲಿಸಿ ಮತ್ತೆ ಮಲಗುತ್ತಿದ್ದೆ. ಈಗ ಫ್ಯಾಕ್ಟರಿಯಲ್ಲಿ ಯಾರೋ ಸ್ಪ್ಯಾನರ್ ಬೀಳಿಸಿದರೂ ಎದೆ ಹಾರುತ್ತದೆ. ಬಸ್ಸಿನಲ್ಲಿ ಪಕ್ಕದವನು ಮೈ ತಾಗಿಸಿದರೆ ಅವನನ್ನು ತಳ್ಳಬೇಕು ಅನಿಸುತ್ತದೆ. ಆ ಮೊದಲ ಸಲದ ಔಷಧಿ ಏನು ಮಾಡುತ್ತದೆ ಎಂದು ನಿನಗೆ ಗೊತ್ತಿಲ್ಲ. ನೀರು ಕುಡಿದರೂ ತಗಡು ನೆಕ್ಕಿದ ಹಾಗಿರುತ್ತದೆ. ಮತ್ತೆ ಅಲ್ಲಿಗೆ ಹೋಗಿ ಆ ಕುರ್ಚಿಯಲ್ಲಿ ಕೂರಲು ನನ್ನಿಂದ ಆಗುವುದಿಲ್ಲ. ಗೇಟಿನವರೆಗೆ ಹೋಗಿದ್ದೆ, ನಿನ್ನ ಪತ್ರ ಬಂದ ದಿನವೇ. ಕರೀಂ ಜೊತೆಗಿದ್ದ. ಒಳಗಿನಿಂದ ಆ ಫಿನಾಯಿಲ್ ವಾಸನೆ ಬಂತು. ಕಾಲು ಮುಂದಕ್ಕೆ ಹೋಗಲಿಲ್ಲ.

"ನಡಿಯಲಾ" ಅಂದ.

"ಆಗಕ್ಕಿಲ್ಲ ಕಣ್ಲಾ."

"ನಾನ್ ಎತ್ಕೊಂಡ್ ಓಗ್ಲಾ?"

ನಾನು ಅವನ ಮೇಲೆ ಕೈ ಎತ್ತಿದೆ. ಅವನು ಏನೂ ಮಾಡಲಿಲ್ಲ, ಬೈಕ್ ತಿರುಗಿಸಿದ.

ನೀನು ಮಾಡುತ್ತಿರುವ ಔಷಧಿ ಇದೆಯಲ್ಲ, ಕೊಬ್ಬನ್ನು ಮಾತ್ರ ತೋರಿಸುವುದು, ಅದನ್ನು ತೆಗೆದುಕೊಂಡು ಬಾ. ಅದನ್ನು ನನಗೆ ಹಾಕಿ ನೋಡು. ಆ ಚುಕ್ಕೆಯೂ ಕೊಬ್ಬೇ ಎಂದು ಅದು ಹೇಳಿಬಿಟ್ಟರೆ ಯಾವ ಸೂಜಿಯೂ ಬೇಡ. ಬೇರೆ ಯಾರ ಹತ್ತಿರವೂ ನಾನು ಹೋಗುವುದಿಲ್ಲ. ನಿನ್ನ ಕೈಯಲ್ಲಾದರೆ ಹಾಕಿಸಿಕೊಳ್ಳುತ್ತೇನೆ.

ವೀರು


ಮುಂಬೈ
26 ಫೆಬ್ರವರಿ 2008

ವೀರು,

ನಿನ್ನ ಪತ್ರ ಓದಿ ಒಂದು ಗಳಿಗೆ ನಾನೂ ಅದನ್ನೇ ಯೋಚಿಸಿದೆ. ಸುಳ್ಳು ಹೇಳುವುದಿಲ್ಲ. ಒಂದು ಸಣ್ಣ ಬಾಟಲಿ, ವಿಕಿರಣ ತಡೆಯುವ ಸೀಸದ ಡಬ್ಬಿ, ಕೈಯಲ್ಲಿ ಹಿಡಿದುಕೊಂಡು ಹೊರಡುವುದು.

ಕೆಲಸ ಚೆನ್ನಾಗಿ ಸಾಗುತ್ತಿದೆ ಎಂದು ಬರೆದಿದ್ದೆನಲ್ಲ, ಅದು ಸುಳ್ಳು. ನನ್ನ ಔಷಧಿ ಕೆಲಸ ಮಾಡುವುದಿಲ್ಲ. ಬೆಳಕು ಕೊಡುವ ಚೂರನ್ನು ನಾನು ಅದಕ್ಕೆ ಕಟ್ಟುತ್ತೇನೆ. ಇಲಿಯ ಮೈಯೊಳಗೆ ಹೋದ ಮೇಲೆ ಆ ಗಂಟು ಬಿಚ್ಚಿಕೊಳ್ಳುತ್ತದೆ. ಬಿಚ್ಚಿಕೊಂಡದ್ದು ನೇರ ಮೂಳೆಗೆ ಹೋಗಿ ಕೂರುತ್ತದೆ. ಕೊಬ್ಬು ಕಾಣಬೇಕಾದ ಕಡೆ ಇಲಿಯ ಇಡೀ ಅಸ್ಥಿಪಂಜರ ಕಾಣುತ್ತದೆ, ಹಲ್ಲಿನಿಂದ ಬಾಲದವರೆಗೆ. ಒಂದು ವರ್ಷದಿಂದ ಅದೇ ಚಿತ್ರವನ್ನೇ ನೋಡುತ್ತಿದ್ದೇನೆ. ಮಾರ್ಚಿಗೆ ನನ್ನ ಫೆಲೋಶಿಪ್ ಮುಗಿಯುತ್ತದೆ, ಮುಂದುವರಿಸುವುದಿಲ್ಲ ಎಂದು ಲ್ಯಾಬಿನ ಸರ್ ಡಿಸೆಂಬರಿನಲ್ಲೇ ಹೇಳಿದರು. ಸಂಕ್ರಾಂತಿಗೆ ಬರದೇ ಇದ್ದದ್ದು ಅದಕ್ಕೆ. ಅಪ್ಪನ ಮುಖ ನೋಡಿ ಹೇಳಲು ಧೈರ್ಯವಿರಲಿಲ್ಲ.

ಅಂಥ ಹೊತ್ತಿನಲ್ಲಿ ನಿನ್ನ ಪತ್ರ ಬಂತು. ನನ್ನ ವಿದ್ಯೆ ಒಬ್ಬರಿಗಾದರೂ ಬೇಕಾಯಿತಲ್ಲ ಎಂದು ಹಿಗ್ಗಿದೆ. ಆ ಹಿಗ್ಗಿನಲ್ಲೇ, ಡಾಕ್ಟರ್ ಹೇಳಿದ್ದನ್ನು ಮಾಡಿಸು ಎಂಬ ಒಂದು ಸಾಲು ಬರೆಯಬೇಕು ಎಂದು ಹೊಳೆಯಲಿಲ್ಲ. ಈಗ ರಾತ್ರಿ ಕಣ್ಣು ಮುಚ್ಚಿದರೆ ಆ ಬರೆಯದ ಸಾಲೇ ಕಾಣುತ್ತದೆ.

ನನ್ನ ಔಷಧಿಯನ್ನು ನಿನಗೆ ಹಾಕುವುದಿಲ್ಲ. ಅದು ನಿನ್ನ ಬಗ್ಗೆ ಏನನ್ನೂ ಹೇಳಲಾರದು. ಬೇರೆ ದಾರಿಯಿದೆ. ಡಾಕ್ಟರ್ ರಮ್ಯಾ ಅವರ ನಂಬರ್ ಹುಡುಕಿ ಮಾತಾಡಿದೆ. ಬೈಯುತ್ತಾರೆ ಎಂದು ಹೆದರಿದ್ದೆ. "ಅವರು ಫೋನೇ ಎತ್ತುತ್ತಿಲ್ಲ, ದಯವಿಟ್ಟು ಕರೆದುಕೊಂಡು ಬನ್ನಿ" ಎಂದರು, ಅಷ್ಟೇ. ಸೂಜಿ ಎಲ್ಲಿ ಹಾಕಬೇಕು ಎಂದು ಖಚಿತವಾಗಲು ಮತ್ತೊಮ್ಮೆ ಅದೇ ಸ್ಕ್ಯಾನ್ ಮಾಡುತ್ತಾರೆ. ಈ ಸಲ ಬಸ್ಸಿನಲ್ಲಿ, ಸ್ವೆಟರ್ ಹಾಕಿಕೊಂಡು ಹೋಗಬೇಕು. ಎಸಿ ಹಾಕುವುದಿಲ್ಲ, ಕಂಬಳಿ ಹೊದಿಸುತ್ತಾರೆ, ಮೊದಲೇ ಒಂದು ಮಾತ್ರೆ ಕೊಡುತ್ತಾರೆ. ಮೈ ಬೆಚ್ಚಗಿದ್ದರೆ ಕಂದು ಕೊಬ್ಬು ಕೆಲಸ ಮಾಡದೆ ಸುಮ್ಮನಿರುತ್ತದೆ. ಆಗಲೂ ಉರಿಯುವುದು ಯಾವುದೋ, ಅದನ್ನು ನೋಡಬೇಕು.

ಭಾನುವಾರ ಬೆಳಿಗ್ಗೆ ರೈಲಿನಲ್ಲಿ ಬೆಂಗಳೂರಿಗೆ ಬಂದು ನೇರ ನಿನ್ನ ರೂಮಿಗೆ ಬರುತ್ತೇನೆ. ಎಲ್ಲಿಗಾದರೂ ಹೋಗಿಬಿಟ್ಟರೆ ಸೋಲೂರಿಗೆ ಹೋಗಿ ಅವ್ವನ ಮುಂದೆ ಕೂತು ಎಲ್ಲ ಹೇಳುತ್ತೇನೆ. ಇದು ಬೆದರಿಕೆಯೇ.

ಹೇಮ


ಸೋಲೂರು
22 ಮಾರ್ಚ್ 2008

ಅಕ್ಕ,

ಫೋನಿನಲ್ಲಿ ನಾಲ್ಕು ಮಾತು ಹೇಳಿ ಇಟ್ಟೆ. ಉಳಿದದ್ದನ್ನು ಬರೆಯುತ್ತಿದ್ದೇನೆ.

ನೀನು ನನ್ನನ್ನು ಡಾಕ್ಟರಿಗೆ ತೋರಿಸಿ, ಡೇಟ್ ತೆಗೆದುಕೊಟ್ಟು ಹೊರಟ ದಿನ ಸ್ಟೇಷನ್ನಿನಲ್ಲಿ ನಾನು ನಿನ್ನ ಮುಖ ನೋಡಿ ಮಾತಾಡಲಿಲ್ಲ. ಕೋಪವಿತ್ತು. ನೀನು ಬರದೇ ಇದ್ದಿದ್ದರೆ ಕಾಯಿಲೆಯೂ ಇರುತ್ತಿರಲಿಲ್ಲ ಎಂಬ ಹಾಗೆ ಅನಿಸುತ್ತಿತ್ತು.

ಸ್ಕ್ಯಾನಿಗೆ ಕರೀಂ ಬಂದ. ಈ ಬಿಸಿಲಿನಲ್ಲಿ ಸ್ವೆಟರ್ ಹಾಕಿಕೊಂಡು ಬಸ್ಸಿನಲ್ಲಿ ಕೂತವನನ್ನು ಎಲ್ಲರೂ ತಿರುಗಿ ತಿರುಗಿ ನೋಡಿದರು. ಅಲ್ಲಿ ಸೂಜಿ ಕೊಟ್ಟು, ಕಂಬಳಿ ಹೊದಿಸಿ, ಬಾಗಿಲು ಮುಚ್ಚಿದರು. ಬೆವರಿಳಿಯುತ್ತಿತ್ತು, ಒಳಗೆ ಮಾತ್ರ ಚಳಿ. ಹಲ್ಲು ಕಟಕಟ ಎನ್ನುತ್ತಿತ್ತು. ನಡುಗಿದರೆ ಆ ಕೊಬ್ಬು ಮತ್ತೆ ಎದ್ದುಬಿಡುತ್ತದೇನೋ, ಚಿತ್ರ ಕೆಟ್ಟುಹೋಗುತ್ತದೇನೋ ಎಂದು ಅದಕ್ಕೂ ಹೆದರಿದೆ.

ಮಾರನೆಯ ದಿನ ಡಾಕ್ಟರ್ ರಮ್ಯಾ ಎರಡು ಚಿತ್ರ ಪಕ್ಕಪಕ್ಕ ಇಟ್ಟರು. ಹೊಸದರಲ್ಲಿ ಕತ್ತು ಕತ್ತಲೆ. ಹೆಗಲು ಕತ್ತಲೆ. ಬೆನ್ನಿನ ಸಾಲು ಇಲ್ಲವೇ ಇಲ್ಲ. ನೀನು ಮೊದಲ ಪತ್ರದಲ್ಲಿ ಬರೆದದ್ದು ಅಕ್ಷರಕ್ಷರವೂ ನಿಜವಾಗಿತ್ತು ಅಕ್ಕ. ಆದರೆ ಎದೆಯಲ್ಲಿ ಆ ಒಂದು ಚುಕ್ಕೆ ಇತ್ತು. ಸುತ್ತ ಏನೂ ಇಲ್ಲದ್ದರಿಂದ ಅದೊಂದೇ ಕಾಣುತ್ತಿತ್ತು. ಅಲ್ಲಿಗೇ ಸೂಜಿ ಹಾಕಿದರು. ಕಾಯಿಲೆ ಮರಳಿದೆ. ಇನ್ನೂ ಎರಡು ಮೂರು ತಿಂಗಳು ಬಿಟ್ಟಿದ್ದರೆ ಎಂದು ಹೇಳಿ ಡಾಕ್ಟರ್ ಮಾತು ನಿಲ್ಲಿಸಿದರು. ಮತ್ತೆ ಔಷಧಿ, ಈ ಸಲ ಇನ್ನೂ ಜೋರಿನದು, ಅದಾದ ಮೇಲೆ ಎದೆಗೆ ಕರೆಂಟು, ಅದೇ ರೇಡಿಯೇಶನ್, ಕೊಡುತ್ತಾರಂತೆ.

ಅವ್ವನಿಗೆ ನಾನೇ ಹೇಳಿದೆ. ರಾಗಿ ಹಸನು ಮಾಡುತ್ತಿದ್ದಳು. ಟಿಬಿ ಅಲ್ಲ ಅವ್ವ ಎಂದು ಶುರುಮಾಡಿದೆ. ಮೊರ ಕೆಳಗಿಟ್ಟಳು.

"ನಿಮ್ ಮಾವಂಗೆ ಬಂದಿದ್ದೇನ್ಲಾ?"

"ಊಂ."

ಎದ್ದು ಹಿತ್ತಿಲಿಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಅಪ್ಪ ಮಿಲ್ಲು ನಿಲ್ಲಿಸಿ ಬಂದು ಬಾಗಿಲಲ್ಲಿ ನಿಂತಿದ್ದರು, ಮೈಯೆಲ್ಲ ಹಿಟ್ಟು. ಅವ್ವ ಕಾಲು ತೊಳೆದುಕೊಂಡು ಬಂದು, "ಆಸ್ಪತ್ರೆಗೆ ನಾನೂ ಬತ್ತೀನಿ. ಆ ವಾರ್ಡು ಎಲ್ಲೈತೆ ಅಂತ ನಂಗ್ ಗೊತ್ತು" ಎಂದಳು. ಹೆಸರನ್ನು ಮಾತ್ರ ಅವತ್ತೂ ಎತ್ತಲಿಲ್ಲ.

ತಿಪ್ಪಸಂದ್ರದವರಿಗೆ ಬೇಡ ಎಂದು ಹೇಳಿ ಕಳಿಸಿದ್ದೇವೆ.

ವೀರು


ಹೈದರಾಬಾದ್
9 ಜುಲೈ 2008

ಪ್ರೀತಿಯ ವೀರುಗೆ,

ಯುಗಾದಿಗೆ ನಾನು ಬಂದಾಗಲೂ ನೀನು ಹೆಚ್ಚು ಮಾತಾಡಲಿಲ್ಲ. ಆಮೇಲೆ ನಿನ್ನದೊಂದು ಅಕ್ಷರವೂ ಇಲ್ಲ. ಫೋನ್ ಮಾಡಿದರೆ ಅವ್ವ ಎತ್ತಿ "ಮಲ್ಗವ್ನೆ" ಎನ್ನುತ್ತಾಳೆ. ಹೇಗಿದ್ದಾನೆ ಎಂದರೆ "ಅಂಗೇ ಅವ್ನೆ." ಒಂದು ದಿನ ಮಲಗಿದ್ದಾನೆ ಎಂದವಳ ಹಿಂದೆ ನಿನ್ನ ಕೆಮ್ಮು ಕೇಳಿಸಿತು. ನಿನಗೆ ನನ್ನ ಹತ್ತಿರ ಮಾತಾಡಲು ಇಷ್ಟವಿಲ್ಲವೋ, ಆಗುತ್ತಿಲ್ಲವೋ, ಎರಡರಲ್ಲಿ ಯಾವುದಕ್ಕೆ ಹೆದರಬೇಕು ಎಂದು ತಿಳಿಯುತ್ತಿಲ್ಲ.

ನಾನು ಮುಂಬೈ ಬಿಟ್ಟೆ. ಇಲಿಗಳನ್ನು ಇನ್ನೊಬ್ಬರಿಗೆ ಒಪ್ಪಿಸಿದೆ. ಆ ಬಿಚ್ಚಿಕೊಳ್ಳುವ ಗಂಟನ್ನು ಬೇರೆ ಥರ ಕಟ್ಟುವ ಉಪಾಯವೊಂದು ಹೊಳೆದಿತ್ತು, ಬರೆದು ಅವರ ಕೈಗೆ ಕೊಟ್ಟು ಬಂದೆ. ಇಲ್ಲಿ ಒಂದು ಆಸ್ಪತ್ರೆಯಲ್ಲಿ ಅದೇ ಮಾಮೂಲಿ ಸಕ್ಕರೆಯ ಔಷಧಿ ತಯಾರಿಸುವ ಕೆಲಸ. ಬೆಳಗಿನ ಜಾವ ಶುರು, ಬೇಗ ಮಾಡಿ ಬೇಗ ಕೊಡಬೇಕು, ಮಧ್ಯಾಹ್ನದ ಹೊತ್ತಿಗೆ ಅದರ ಶಕ್ತಿ ಇಳಿದುಹೋಗುತ್ತದೆ. ಸ್ಕ್ಯಾನಿನವರ ಕೋಣೆಗೆ ಕಂಬಳಿ ತರಿಸಿದ್ದೇನೆ. ದೊಡ್ಡ ಡಾಕ್ಟರ್ ಮೊದಲು ನಕ್ಕರು, ಆಮೇಲೆ ಎಸಿ ಕಡಿಮೆ ಮಾಡಿಸಿದರು.

ಕಿಟಕಿಯಿಂದ ಹೊರಗೆ ಕೂತವರನ್ನು ನೋಡುತ್ತೇನೆ. ಮುಂಬೈನಲ್ಲಿ ಯಾವತ್ತೂ ಅವರನ್ನು ನೋಡಿರಲಿಲ್ಲ. ಎಲ್ಲರೂ ನಿನ್ನ ಹಾಗೆ ಕತ್ತು ಮುಟ್ಟಿಕೊಳ್ಳುತ್ತಿರುತ್ತಾರೆ.

ಬೈಯುವುದಾದರೂ ಸರಿ, ಎರಡು ಸಾಲು ಬರೆ.

ಹೇಮಕ್ಕ


ಸೋಲೂರು
19 ಅಕ್ಟೋಬರ್ 2008

ಪ್ರೀತಿಯ ಹೇಮಕ್ಕನಿಗೆ,

ಜುಲೈನಲ್ಲಿ ಬಾಯೆಲ್ಲ ಹುಣ್ಣಾಗಿ ಮಾತು ಬರುತ್ತಿರಲಿಲ್ಲ. ಬೆರಳ ತುದಿ ಜೋಮು ಹಿಡಿದು ಪೆನ್ನು ನಿಲ್ಲುತ್ತಿರಲಿಲ್ಲ. ಅದು ಒಂದು ಕಾರಣ. ಇನ್ನೊಂದು ಕಾರಣವೂ ಇತ್ತು, ಅದನ್ನು ನೀನೇ ಊಹಿಸಿದ್ದೀಯ. ಮಲಗಿದಲ್ಲಿ ಯಾರನ್ನಾದರೂ ಬೈಯಬೇಕಿತ್ತು. ದೇವರನ್ನು ಬೈದರೆ ಅವ್ವ ನೊಂದುಕೊಳ್ಳುತ್ತಾಳೆ, ಕರೀಂನನ್ನು ಬೈದರೆ ಅವನು ತಿರುಗಿಸಿ ಬೈಯುತ್ತಾನೆ. ಅದಕ್ಕೇ ಮನಸ್ಸಿನಲ್ಲಿ ನಿನ್ನನ್ನು ಬೈಯುತ್ತಿದ್ದೆ. ಈಗ ಅದು ಮುಗಿದಿದೆ.

ಫ್ಯಾಕ್ಟರಿಯ ಕೆಲಸ ಹೋಯಿತು. ನನ್ನ ಜಾಗಕ್ಕೆ ಬೇರೆಯವನು ಬಂದು ಎಷ್ಟೋ ಕಾಲವಾಯಿತು. ಅಪ್ಪನ ಮಿಲ್ಲಿನಲ್ಲಿ ಕೂರುತ್ತೇನೆ. ಹಿಟ್ಟಿನ ಧೂಳಿಗೆ ಕೆಮ್ಮು ಬರುತ್ತದೆ ಎಂದು ಅವ್ವ ಮೂಗಿಗೆ ಬಟ್ಟೆ ಕಟ್ಟಿಸುತ್ತಾಳೆ.

ಹೋದ ವಾರ ಎಲ್ಲ ಮುಗಿದ ಮೇಲಿನ ಸ್ಕ್ಯಾನ್ ಆಯಿತು. ಮೊದಲು ಅದನ್ನೇ ಹೇಳುತ್ತೇನೆ, ನೀನು ಉಸಿರು ಹಿಡಿದು ಓದಬೇಡ. ಚುಕ್ಕೆ ಇಲ್ಲ. ಎಲ್ಲ ಕಡೆಯೂ ಕತ್ತಲೆ. "ಈ ಸಲಕ್ಕೆ ಚೆನ್ನಾಗಿದೆ, ಮೂರು ತಿಂಗಳಿಗೆ ಮತ್ತೆ ನೋಡೋಣ" ಎಂದರು ಡಾಕ್ಟರ್ ರಮ್ಯಾ. ಪೂರ್ತಿ ಹೋಯಿತಾ ಎಂದು ಕೇಳಿದೆ. "ಈ ಸಲಕ್ಕೆ" ಎಂದು ಮತ್ತೆ ಅಂದರು.

ಸ್ಕ್ಯಾನಿನ ದಿನದ್ದು ಒಂದು ಸಂಗತಿ ಹೇಳಬೇಕು. ಕಾಯುವ ಕೋಣೆಯಲ್ಲಿ ನನ್ನ ಪಕ್ಕ ಒಬ್ಬ ಹೆಂಗಸು ಕೂತಿದ್ದರು, ಕನಕಪುರದ ಕಡೆಯವರು, ದೊಡ್ಡಲಕ್ಷ್ಮಮ್ಮ ಅಂತ. ಅವರಿಗೆ ಅದು ಮೊದಲನೇ ಸ್ಕ್ಯಾನ್. ಗಂಡ ಕೆಳಗೆ ಎಲ್ಲೋ ಚೀಟಿ ಬರೆಸಲು ಹೋಗಿದ್ದರು. ಕಂಬಳಿ ಹೊದ್ದು ಚೀಲವನ್ನು ಅವುಚಿಕೊಂಡು ಕೂತಿದ್ದವರು ನನ್ನ ಬೋಳು ತಲೆ ನೋಡಿದರು.

"ನಿಂಗೆ ಇದೆಲ್ಲ ಗೊತ್ತೇನಪ್ಪಾ? ಒಳಗೆ ಏನ್ ಮಾಡ್ತರೆ?"

"ಮಲಗುಸ್ತರೆ ಅಷ್ಟೆಯಾ. ನೋವಾಗಕ್ಕಿಲ್ಲ."

"ಅದ್ರಾಗೆ ಏನ್ ಕಾಣ್ತದೆ?"

ಏನೂ ಇರಲ್ಲ ಕಣವ್ವ, ಹೆದರಬೇಡ ಎನ್ನುವ ಮಾತು ಬಾಯಿಗೇ ಬಂದಿತ್ತು. ಅವರು ಆ ಮಾತಿಗೇ ಕಾಯುತ್ತಿದ್ದರು. ನಾನು ಹೇಳಲಿಲ್ಲ.

"ಗೊತ್ತಿಲ್ಲ ಕಣವ್ವ. ನಂದ್ರಾಗೆ ಏನ್ ಕಾಣ್ತದೋ ಅದೂ ಗೊತ್ತಿಲ್ಲ. ನಂಗೂ ಎದ್ರಿಕೆ ಆಯ್ತಾ ಐತೆ."

ಅವರು ಚೀಲ ಕೆಳಗಿಟ್ಟು, ಜಾರಿದ್ದ ನನ್ನ ಕಂಬಳಿಯ ಅಂಚನ್ನು ಮೊಣಕಾಲ ಮೇಲೆ ಎಳೆದರು. "ಸರಿಯಾಗಿ ಒದ್ಕೊ. ನಿಂದು ಜಾರೋಗೈತೆ" ಎಂದರು.

ಮಾರನೆಯ ದಿನ ರಿಪೋರ್ಟಿಗೆ ಹೋದಾಗ ಅವರೂ ಗಂಡನ ಜೊತೆ ಬೆಂಚಿನ ಮೇಲಿದ್ದರು. ಮೊದಲು ನನ್ನನ್ನು ಕರೆದರು. ಹೊರಗೆ ಬಂದಾಗ ನನ್ನ ಮುಖ ನೋಡಿಯೇ ಅವರಿಗೆ ತಿಳಿಯಿತು. "ಒಳ್ಳೇದಾಯ್ತಲ್ಲಪ್ಪಾ" ಎಂದರು. ಅಷ್ಟರಲ್ಲಿ ಅವರ ಹೆಸರು ಕೂಗಿದರು. ಎದ್ದು ಒಳಗೆ ಹೋದರು, ಹಿಂದೆ ಬಾಗಿಲು ಮುಚ್ಚಿಕೊಂಡಿತು.

ಕರೀಂ ಬೈಕಿನ ಕೀ ಹಿಡಿದುಕೊಂಡು ನಿಂತಿದ್ದ. "ಹೊರಡಾಣೇನ್ಲಾ? ನಿಮ್ಮವ್ವ ಕಾಯ್ತಾ ಕುಂತವ್ರೆ."

"ಅವ್ವಂಗೆ ಫೋನ್ ಮಾಡಿ ಹೇಳ್ಬುಡು" ಎಂದೆ. "ನಾವು ಒಸಿ ಇದ್ದು ಹೋಗಾಣ."

ಬೆಂಚಿಗೆ ಹೋಗಿ ಕೂತೆ. ಆಯಮ್ಮ ಇನ್ನೂ ಒಳಗೇ ಇದ್ದರು.

ನಿನ್ನ ತಮ್ಮ
ವೀರು